ಎಳೆ ಮರಿಗಳಿಗೆ ಚುಚ್ಚಿದ್ದು ಏನು, ಎಷ್ಟು?

ಮೇಕೆಮರಿ ಯೋಜನೆಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಯೋಜನೆಯ ಸೂಜಿ ನಮ್ಮ ಮರಿಗಳನ್ನು ಕೊಂದಿದೆ. ಕುಶಲೋಪರಿ ಎಲ್ಲ ಆಮೇಲೆ. ಹುಟ್ಟಿದ ಮರುದಿನದಿಂದ ಕಿವಿಗೆ ನಂಬರಿನ ಓಲೆ ಹಾಕುವ ದಿನದವರೆಗೆ, ಕಾಯಿಲೆಯಿದ್ದ ಮರಿಗೂ ಇಲ್ಲದ ಮರಿಗೂ ನಿಮ್ಮ ಸಿಬ್ಬಂದಿ ಪ್ರತಿ ಬೆಳಿಗ್ಗೆ ಸ್ಟೀರಾಯ್ಡ್ ಚುಚ್ಚಿದ್ದಾರೆ. ನಮಗೆ ಹೇಳಿದ್ದು ಮಾತ್ರ ‘ಶಕ್ತಿ ಇಂಜೆಕ್ಷನ್’ ಎಂದು.

ನಾನು ಹರಿಹರದಲ್ಲಿ ಹೊಲಿಗೆ ಕಲಿಸುವವಳು. ನಿಮ್ಮಿಂದ ಮೇಕೆ ಪಡೆದ ಮಹಿಳಾ ಸಂಘದ ಅಧ್ಯಕ್ಷೆ. ನಿಜ ಹೇಳಬೇಕೆಂದರೆ ಮೊದಮೊದಲು ನಾವೆಲ್ಲ ನಿಮ್ಮನ್ನು ಹಾಡಿ ಹೊಗಳಿದೆವು. ಸೊರಗಿ ಮಲಗಿದ್ದ ಮರಿ ಸೂಜಿ ಬಿದ್ದ ಸ್ವಲ್ಪ ಹೊತ್ತಿಗೆಲ್ಲ ಎದ್ದು ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು. ನಮ್ಮ ಸಂಘದ ಉಡಚಮ್ಮ ಅದಕ್ಕೆ ‘ಎದ್ದೇಳೋ ಸೂಜಿ’ ಎಂದು ಹೆಸರಿಟ್ಟಳು. ಯೋಜನೆಗೆ ಸೇರದವರೂ ಕಂಕುಳಲ್ಲಿ ಮರಿ ಇಟ್ಟುಕೊಂಡು ಸಾಲು ನಿಂತು, ಸೂಜಿ ಹಾಕಲು ಬರುವ ನಿಮ್ಮ ಕಾಂಪೌಂಡರಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ ಸೂಜಿ ಹಾಕಿಸಿಕೊಂಡರು.

ಓಲೆ ಹಾಕುವ ದಿನ ಮರಿಗಳು ಎಷ್ಟು ಚೆನ್ನಾಗಿ ನಿಂತಿದ್ದವು! ನೀವು ಬಂದಿರಿ, ಫೋಟೋ ಆಯಿತು, ಓಲೆ ಬಿದ್ದ ಮರಿಯೆಲ್ಲ ನಿಮ್ಮ ಲೆಕ್ಕದಲ್ಲಿ ‘ಉಳಿದ ಮರಿ’ ಆಯಿತು. ಅಲ್ಲಿಗೆ ಸೂಜಿಯೂ ನಿಂತಿತು. ಅದೇ ವಾರ ಒಂದು ಚಳಿಗಾಳಿ ಬೀಸಿದ್ದೇ ತಡ, ನಿಮ್ಮ ಆ ‘ಉಳಿದ ಮರಿ’ಗಳು ಒಂದರ ಹಿಂದೆ ಒಂದು ನೆಲ ಕಚ್ಚಿದವು. ಸೂಜಿಯನ್ನೇ ಕಾಣದ ಪಕ್ಕದ ಕೇರಿಯ ಮರಿಗಳು ಅದೇ ಗಾಳಿಯಲ್ಲಿ ಬೇಲಿ ಹಾರಿಕೊಂಡಿದ್ದವು. ಉಡಚಮ್ಮ ಸತ್ತ ಮರಿಯನ್ನು ಸೆರಗಲ್ಲಿ ಸುತ್ತಿ ನನ್ನ ಹೊಲಿಗೆ ಮಷೀನಿನ ಮುಂದೆಯೇ ತಂದಿಟ್ಟಳು. “ಟೀಚರಮ್ಮ, ನಿನ್ನೆ ಸಂಜಿ ಮಟ ಕುಣೀತಿತ್ರಿ. ಇದಕ್ಕ ಏನಾತು ಅಂತ ಯಾರ್ನ ಕೇಳ್ಲಿ?” ಅಂದಳು.

ಯಾರನ್ನು ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಆ ಮರಿಯನ್ನು ದಾವಣಗೆರೆಗೆ ಒಯ್ದು, ಸರಸ್ವತಿ ನಗರದಲ್ಲಿ ಖಾಸಗಿಯಾಗಿ ಚಿಕಿತ್ಸೆ ಮಾಡುವ ಪಶುವೈದ್ಯ ಅಂಜನ್ ಕುಮಾರ್ ಅವರ ಮುಂದೆ ಇಟ್ಟೆವು. ಅವರು ಕೊಯ್ದು ತೋರಿಸಿದರು. ಮೂತ್ರಪಿಂಡದ ಪಕ್ಕದಲ್ಲೇ ಒಂದು ಪುಟ್ಟ ಗ್ರಂಥಿ ಇರುತ್ತದಂತೆ. ಚಳಿಯೋ ಜ್ವರವೋ ಬಂದಾಗ ಮೈ ತಡೆದುಕೊಳ್ಳಲು ಬೇಕಾದ ರಸವನ್ನು ಒಸರುವುದು ಅದೇ. ಅದೇ ಕೆಲಸ ಮಾಡುವ ಸ್ಟೀರಾಯ್ಡ್ ಮದ್ದು ದಿನಾ ಹೊರಗಿನಿಂದಲೇ ಬಂದು ಬೀಳುತ್ತಿದ್ದರೆ ಆ ಗ್ರಂಥಿ ಕೆಲಸ ಬಿಟ್ಟು ಕುಗ್ಗುತ್ತದೆ. ಅವರೆಕಾಳಿನಷ್ಟಾದರೂ ಇರಬೇಕಾದದ್ದು ನಮ್ಮ ಮರಿಯಲ್ಲಿ ಹೆಸರುಕಾಳಿನಷ್ಟಿತ್ತು. ಎದೆಯೊಳಗೆ ಸೋಂಕು ತಡೆಯಲು ಬೆಳೆಯಬೇಕಾದ ಇನ್ನೊಂದು ಗ್ರಂಥಿ ಹುಡುಕಿದರೂ ಸಿಗದಷ್ಟು ಸವೆದಿತ್ತು. ಮರಿ ಬೆಳೆದಿರಲೇ ಇಲ್ಲ ಸ್ವಾಮಿ, ಸುಮ್ಮನೆ ನಿಂತಿತ್ತು.

ಈ ಹೆಂಗಸಿಗೆ ಔಷಧಿಯೆಂದರೆ ಭಯ ಎಂದು ಮೂಗು ಮುರಿಯಬೇಡಿ. ವಿನೋಬನಗರದಲ್ಲಿರುವ ನನ್ನ ಮಗಳು ಗುಲ್ನಾಜ್‌ಗೆ ಏಳನೇ ತಿಂಗಳಲ್ಲೇ ನೋವು ಬಂದಾಗ, ಹೊಟ್ಟೆಯಲ್ಲಿದ್ದ ಕೂಸಿನ ಶ್ವಾಸಕೋಶ ಬಲಿಯಲೆಂದು ವೈದ್ಯರು ಇದೇ ಜಾತಿಯ ಇಂಜೆಕ್ಷನ್ ಕೊಟ್ಟರು. ಏನು ಕೊಡುತ್ತೇವೆ, ಯಾಕೆ, ಎಷ್ಟು ಸಲ ಎಂದು ನಮ್ಮನ್ನು ಕೂರಿಸಿ ಹೇಳಿಯೇ ಕೊಟ್ಟರು. ಆ ಕೂಸು ಇವತ್ತು ನನ್ನ ಕತ್ತರಿ ಕದ್ದು ಓಡುತ್ತದೆ. ನನಗೆ ಸಿಟ್ಟಿರುವುದು ಮದ್ದಿನ ಮೇಲಲ್ಲ. ಕಣ್ಣು ಬಿಟ್ಟು ಜಗತ್ತು ನೋಡದ ಮರಿಯ ಮೈಯನ್ನು ಫೋಟೋದ ದಿನದವರೆಗೆ ಎಳೆದುಕೊಂಡು ಹೋದರೆ ಸಾಕು ಎಂದುಕೊಂಡ ನಿಮ್ಮ ಮೇಲೆ.

ಕಚೇರಿಗೆ ಬಂದು ಕೇಳಿದಾಗ ನೀವು ಕುರ್ಚಿಯಿಂದ ಏಳದೆ ಕೊಟ್ಟ ಉತ್ತರ ನೆನಪಿದೆಯೇ? “ಏನಮ್ಮ, ಮೇಕೆಮರಿ ಸತ್ರೆ ಇಷ್ಟು ರಾದ್ಧಾಂತನಾ? ಸ್ಟೀರಾಯ್ಡ್ ಅಂದ್ರೆ ವಿಷ ಏನು? ನಮಗೂ ಮೇಲಿಂದ ಟಾರ್ಗೆಟ್ ಐತೆ.” ಇರಲಿ. ನಿಮ್ಮ ಟಾರ್ಗೆಟ್‌ನಲ್ಲಿ ಮರಿ ಓಲೆ ಬಿದ್ದ ಮೇಲೂ ಬದುಕಬೇಕೆಂದು ಯಾರೂ ಬರೆದಿಲ್ಲವೇ? ಬರೆದಿಲ್ಲದಿದ್ದರೆ ನಿಮಗೆ ಸ್ವಂತ ಬುದ್ಧಿಯೂ ಬೇಡವೇ?

ಈಗ ಉಡಚಮ್ಮನ ಮನೆಯಲ್ಲಿ ಒಂದೇ ಒಂದು ಮರಿ ಉಳಿದಿದೆ. ತಡವಾಗಿ ಹುಟ್ಟಿದ್ದು, ಓಲೆ ಇನ್ನೂ ಬಿದ್ದಿಲ್ಲ, ಸೂಜಿ ನಡೆಯುತ್ತಲೇ ಇದೆ. ಮುಂದುವರಿಸಿದರೆ ಅದರ ಒಳಗು ಬೆಳೆಯುವುದಿಲ್ಲ. ತಟ್ಟನೆ ನಿಲ್ಲಿಸಿದರೆ ಸತ್ತವುಗಳ ಹಾಗೆ ಬೀಳುತ್ತದೆ. ದಿನದಿನಕ್ಕೆ ಇಳಿಸುತ್ತಾ ಬಂದರೆ ಉಳಿಯಬಹುದು ಎನ್ನುತ್ತಾರೆ ಅಂಜನ್ ಕುಮಾರ್. ಆದರೆ ಯಾವ ಮದ್ದು, ಎಷ್ಟು ಪ್ರಮಾಣ ಎಂದು ತಿಳಿಯದೆ ಎಲ್ಲಿಂದ ಇಳಿಸುವುದು? ನಿಮ್ಮ ಕಾಂಪೌಂಡರ್ ಸಿರಿಂಜನ್ನು ತುಂಬಿಕೊಂಡೇ ಬರುತ್ತಾನೆ. ಕೇಳಿದರೆ, “ಸಾಹೇಬ್ರು ಹೇಳ್ಬ್ಯಾಡ ಅಂದಾರ್ರಿ” ಅನ್ನುತ್ತಾನೆ.

ನನ್ನ ಬೇಡಿಕೆ ಇಷ್ಟೇ. ಆರೋಗ್ಯವಾಗಿರುವ ಎಳೆ ಮರಿಗಳಿಗೆ ಈ ಸೂಜಿ ಶುರು ಮಾಡುವುದನ್ನು ಇವತ್ತೇ ನಿಲ್ಲಿಸಿ. ಈಗಾಗಲೇ ಚುಚ್ಚಿಸಿಕೊಂಡ ಮರಿಗಳಿಗೆ ಕೊಟ್ಟ ಮದ್ದಿನ ಹೆಸರು, ಪ್ರಮಾಣ ಹೇಳಿ. ತನಿಖೆ, ಸಮಿತಿ, ಪರಿಹಾರ ಎಲ್ಲ ಬಿಡುವಾದಾಗ ಮಾಡಿಕೊಳ್ಳಿ. ಇದೊಂದಕ್ಕೆ ಬಿಡುವು ಕಾಯುವ ಹಾಗಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಉಡಚಮ್ಮ ಮರಿ ಎತ್ತಿಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತಿದ್ದಾಳೆ. “ಕಾಂಪೌಂಡರ್ ಬಂದಾನ್ರಿ ಟೀಚರಮ್ಮ. ಇವತ್ತು ಹಾಕಿಸ್ಲೋ, ಬ್ಯಾಡೋ?”

ನೀವೇ ಹೇಳಿ, ಏನು ಹೇಳಲಿ?

ಇಂತಿ,
ಹೂಂ ಎನ್ನಲೂ ಆಗದ, ಬೇಡ ಎನ್ನಲೂ ಆಗದ
ಸಿದ್ದೀಕಾ
ಹರಿಹರ