ಲಸಿಕೆಯ ಬದಲು ಸಿಕ್ಕ ಮಾತು

ಮಾತು ಕೊಟ್ಟು ಮರೆತ ಆರೋಗ್ಯಾಧಿಕಾರಿಗಳೇ,

ನನ್ನ ಮಗಳಿಗೆ ಕೊಡುತ್ತೇವೆಂದ ಲಸಿಕೆಯನ್ನು ನೀವು ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ. ನನ್ನ ದೂರು ಎರಡನೆಯದರ ಬಗ್ಗೆಯೇ ಹೆಚ್ಚು.

ಐಶ್ವರ್ಯಾ ಎರಡು ಸಲ ಮಿದುಳುಪೊರೆಯ ಸೋಂಕಿನಿಂದ ಬದುಕಿ ಬಂದ ಮೇಲೆ ದೊಡ್ಡ ಡಾಕ್ಟರು ಕಾರಣ ಹುಡುಕಿದರು. ರಕ್ತಕ್ಕೆ ನುಗ್ಗಿದ ರೋಗಾಣುವಿನ ಮೈಗೆ ತೂತು ಕೊರೆದು ಕೊಲ್ಲುವ ಪ್ರೋಟೀನುಗಳಿವೆ, ಕಾಂಪ್ಲಿಮೆಂಟ್ ಎನ್ನುತ್ತಾರೆ. ಅವುಗಳಲ್ಲಿ ಒಂದು ನನ್ನ ಮಗಳಲ್ಲಿ ಹುಟ್ಟಿನಿಂದಲೇ ಇಲ್ಲ. ಬೇರೆ ಮಕ್ಕಳ ಗಂಟಲಲ್ಲಿ ಸುಮ್ಮನೆ ಇದ್ದುಹೋಗುವ ರೋಗಾಣು ಇವಳನ್ನು ಕೊಲ್ಲಬಲ್ಲದು. ಆ ರೋಗಾಣುವಿನ ವಿರುದ್ಧದ ಲಸಿಕೆ ಹಾಕಿಸಿ, ತಡ ಮಾಡಬೇಡಿ ಎಂದರು. ಬಿ.ಎಸ್ಸಿ. ಓದಿದ ನನಗೆ ಇದೆಲ್ಲ ಚೆನ್ನಾಗಿ ಅರ್ಥವಾಯಿತು. ಅಂದಿನಿಂದ ನಿದ್ದೆ ಹೋಯಿತು.

ಅದೇ ಲಸಿಕೆಯನ್ನು ಹಜ್ ಯಾತ್ರಿಕರಿಗೆ ನಿಮ್ಮ ಇಲಾಖೆ ಹಾಕುತ್ತದೆಂದು ತಿಳಿಸಿದವರು ಯಾತ್ರೆಗೆ ಹೊರಟಿದ್ದ ಪಕ್ಕದ ಮನೆಯ ಖುರ್ಷಿದಬೇಗಂ. ಅವರ ಜೊತೆಗೇ ಮಗಳನ್ನೆತ್ತಿಕೊಂಡು ಶಿಬಿರಕ್ಕೆ ಹೋದೆ. "ಕೂಸಿನ್ನ ಹಜ್‌ಗೆ ಕಳಸೋರಿದ್ರ ಹೇಳ್ರಿ, ಈಗೇ ಹಾಕ್ತೀವಿ," ಎಂದು ನಿಮ್ಮ ಸಿಬ್ಬಂದಿಯೊಬ್ಬರು ನಕ್ಕರು. ಖುರ್ಷಿದಬೇಗಂ ಲಸಿಕೆಗೆಂದು ಮಡಚಿದ್ದ ಅಂಗಿಯ ತೋಳು ಇಳಿಸಿಕೊಂಡು ಎದ್ದರು: "ನಗಬ್ಯಾಡೋ ಬೇಟಾ. ನಂದು ಈ ಕೂಸಿಗಿ ಹಾಕು. ಹಜ್ ಮುಂದಿನ ವರ್ಷಾನೂ ಬರ್ತದ."

ಆಗ ನೀವೇ ಬಂದಿರಿ. "ಯಾರದೂ ಕಸಗೊಳ್ಳೋದು ಬ್ಯಾಡ ತಾಯಿ. ಶಿಬಿರ ಮುಗಿದ ಮ್ಯಾಲ ಉಳಿದದ್ದು ನಿಮ್ಮ ಮಗಳಿಗೇ. ಫೋನ್ ಮಾಡ್ತೇವಿ, ಹೋಗ್ರಿ." ಎಂಥ ದೊಡ್ಡ ಮನಸ್ಸು! ನೆರೆದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸೊಲ್ಲಾಪುರದ ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸೋಣವೆಂದು ಹೊರಟಿದ್ದ ನನ್ನ ಗಂಡ ಕಲ್ಲಿನಾಥರನ್ನು ತಡೆದವಳೂ ನಾನೇ: "ಸಾಹೇಬ್ರು ಎಲ್ಲಾರ ಮುಂದ ಹೇಳ್ಯಾರ, ತಡೀರಿ." ನಿಮ್ಮ ಫೋನ್ ಬರಲಿಲ್ಲ. ಮೂರನೆಯ ಸಲ ಅದೇ ಸೋಂಕು ಬಂತು. ಆಸ್ಪತ್ರೆಯಿಂದ ಮಗಳನ್ನು ಮನೆಗೆ ಕರೆತಂದ ಮೇಲೆ ನಿಮ್ಮ ಕಚೇರಿಯಲ್ಲಿ ವಿಚಾರಿಸಿದೆ. "ಉಳಿದಿದ್ವು ಖರೇರಿ. ಮ್ಯಾಲಿಂದ ಆದೇಶ ಇರ್ಲಿಲ್ಲ, ವಾಪಸ್ ಕಳಿಸಿದ್ವಿ," ಎಂದರು. ಆದೇಶವಿಲ್ಲದೆ ಲಸಿಕೆ ಕೊಡಲಾಗದು, ಸರಿ. ಆದೇಶವಿಲ್ಲದೆ ಮಾತು ಕೊಡಬಹುದೇ? ಅಂದು ನಿಮಗೆ ಇದು ಗೊತ್ತಿರಲಿಲ್ಲವೇ, ಅಥವಾ ಆ ಗದ್ದಲ ಮುಗಿದರೆ ಸಾಕಿತ್ತೇ?

ಮಗಳು ಬದುಕಿದ್ದಾಳೆ. ಎಡಗಡೆ ನಿಂತು ಕರೆದರೆ ತಿರುಗುವುದಿಲ್ಲ. ಆ ಕಿವಿ ಹೋಗಿದೆ. ಲಸಿಕೆಯನ್ನು ಕೊನೆಗೆ ಸೊಲ್ಲಾಪುರದಲ್ಲೇ ಹಾಕಿಸಿದೆವು.

ಆಳಂದ, ಅಫಜಲಪುರ, ಜೇವರ್ಗಿಯ ತಾಲೂಕು ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗಾಗಿ ಈ ಲಸಿಕೆ ಇರಿಸುವಂತೆ ಆದೇಶ ತನ್ನಿ. ಆಗದಿದ್ದರೆ ಎಲ್ಲರೆದುರೂ 'ಆಗುವುದಿಲ್ಲ' ಎನ್ನಿ. ಹಾಗೆಂದರೆ ತಾಯಂದಿರು ನಿಮಗಾಗಿ ಕಾಯದೆ ಬಸ್ಸು ಹತ್ತುತ್ತಾರೆ.

ಇಂತಿ,
ನಿಮ್ಮ ಮಾತನ್ನು ನಂಬಿ ಮನೆಯಲ್ಲಿ ಕೂತಿದ್ದ
ಬಸವೇಶ್ವರಿ, ಕರಜಗಿ