ತಾಯಿಗಿಡದ ಕಾವಲು

ಸೆಪ್ಟೆಂಬರ್ 28, ಭಾನುವಾರ. ಬೆಳಿಗ್ಗೆ

ತಾಯಿಗಿಡದ ಕೋಣೆ ಇಪ್ಪತ್ತೈದು ಡಿಗ್ರಿ. ಸರಿ. ತೇವ ಜಾಸ್ತಿ — ಡಿಹ್ಯುಮಿಡಿಫೈಯರಿನ ಬಕೆಟ್ ತುಂಬಿತ್ತು, ಚೆಲ್ಲಿ ಬಂದೆ. ತಾಯಿಗಿಡದಿಂದ ಕತ್ತರಿಸಿ ನೆಟ್ಟ ಕಡ್ಡಿಗಳ ಕೋಣೆಯಲ್ಲಿ ಪ್ಲಾಸ್ಟಿಕ್ ಮುಚ್ಚಳಗಳ ಒಳಗೆಲ್ಲ ಬೆವರು. ಇರಲಿ. ಬೇರು ಬಿಡದ ಕಡ್ಡಿ ಎಲೆಯಿಂದಲೇ ನೀರು ಕುಡಿಯಬೇಕು. ಮೂಲೆಯ ಫ್ಯಾನು ನರಳುತ್ತಿದೆ. ಬೇರಿಂಗ್.

ಪೊಲೀಸು ಬಂದರೆ ಹೇಳಬೇಕಾದ್ದನ್ನು ಇವತ್ತೂ ಅಭ್ಯಾಸ ಮಾಡಿದೆ. ಹೆಸರು ದ್ವಾರಕಾನಾಥ್. ಪೀಣ್ಯದಲ್ಲಿ ಫ್ರಿಜ್ ರಿಪೇರಿ ಕಲಿತವನು. ಕಡಲು ದಾಟಿ ಈ ದೇಶಕ್ಕೆ ಬಂದು ನೈವಾಷಾದ ಗುಲಾಬಿ ತೋಟಗಳಿಗೆ ಕೋಲ್ಡ್ ರೂಮ್ ಕಟ್ಟಿದವನು. ಯಶವಂತ್ ಅವರ ಕಂಪನಿಯಲ್ಲಿ ನೌಕರ. ವರ್ಕ್ ಪರ್ಮಿಟ್ ಅವರ ಹೆಸರಲ್ಲೇ. ಔಷಧಿ ಸೊಪ್ಪು, ಲೈಸೆನ್ಸ್ ಬರ್ತಾ ಇದೆ ಅಂದರು, ನಂಬಿದೆ...

ಅಭ್ಯಾಸದಲ್ಲಿ ಈ ಮಾತಿಗೆ ಬಂದಾಗ ನನಗೇ ನಗು ಬರುತ್ತದೆ. ನಮ್ಮಲ್ಲಿ ಗಾಂಜಾ, ಇಲ್ಲಿ ಬಂಗಿ. ವಾಸನೆ ಎರಡಕ್ಕೂ ಒಂದೇ. ಮೂರು ದಶಕ ಮಾತಿನಿಂದಲೇ ಜನರಿಗೆ ಎಸಿ ಮಾರಿ ಬದುಕಿದವನು, ಯಶವಂತನೆಂಬ ಹುಡುಗನ ಮಾತು ಕೊಂಡುಕೊಂಡೆ.

ಮನೆಯವರ ಲೆಕ್ಕದಲ್ಲಿ ನಾನು ನೈವಾಷಾದಲ್ಲಿದ್ದೇನೆ. ಇರುವುದು ರಾಜಧಾನಿಯ ಮುಥೈಗಾದಲ್ಲಿ, ಕಿಟಕಿಗೆಲ್ಲ ಕಪ್ಪು ಪ್ಲಾಸ್ಟಿಕ್ ಹೊಡೆದ ಬಂಗಲೆಯಲ್ಲಿ. ಹೆಂಡತಿ ಭಾನು, ಮಗಳು ಪ್ರಣತಿ ಇದೇ ಊರಿನ ಕಿಲಿಮಾನಿಯ ಫ್ಲಾಟಿನಲ್ಲಿ. ಟ್ರಾಫಿಕ್ ಇಲ್ಲದಿದ್ದರೆ ಒಂದು ಕಾಫಿ ಆರುವಷ್ಟು ದೂರ.

ಈ ಟ್ರೇಗಳ ಕಡ್ಡಿ ಬೇರು ಬಿಟ್ಟರೆ ಯಶವಂತ ಪಾಸ್‌ಪೋರ್ಟ್ ಕೈಗೆ ಕೊಡುತ್ತಾನಂತೆ. ರಿನ್ಯೂವಲ್ ಎಂದು ಒಯ್ದದ್ದು. ಬೇರು ಬರಲಿ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಮೆಷಿನ್ನಿಗೆ ಕುಂಕುಮ ಇಡದೆ ವರ್ಷ ದಾಟಿಸಿದವನಲ್ಲ ನಾನು. ಮೊನ್ನೆಯೇ ಹೇಳಿದ್ದೆ. ಯಶವಂತನೂ ದಾವಣಗೆರೆಯವನೇ, ಭಕ್ತಿಗೆ ಕಮ್ಮಿ ಇಲ್ಲ — ನಮ್ಮವರ ಅಂಗಡಿಗಳಿರುವ ಪಾರ್ಕ್‌ಲ್ಯಾಂಡ್ಸಿನಿಂದ ಬುಟ್ಟಿ ತುಂಬ ಚೆಂಡುಹೂವಿನ ಮಾಲೆ, ಬೂದುಗುಂಬಳ, ನಿಂಬೆಹಣ್ಣು ತಂದ.

ಬಾಗಿಲಲ್ಲಿ ಎಂದಿನ ಮಡಿ. ಚಪ್ಪಲಿ ಬಿಟ್ಟು ಔಷಧಿ ನೀರಿನಲ್ಲಿ ಕಾಲಿಟ್ಟ. ಬಟ್ಟೆ ಬದಲಿಸಿದ. ತಲೆಗೆ ಟೋಪಿ. ಹುಳ ಬರಬಾರದು ಎಂದು ನಾನೇ ಮಾಡಿದ ಕಾನೂನು.

"ಅಣ್ಣಾ, ಇವತ್ತು ಆಯುಧಕ್ಕೆಲ್ಲ ರಜೆ ಕೊಡ್ಬೇಕಲ್ವಾ? ಆಫ್ ಮಾಡೋಣ್ವಾ?"

"ಎಸಿಗೆ ರಜೆ ಕೊಟ್ರೆ ಗಿಡ ಪೂರ್ತಿ ರಜೆ ಹಾಕುತ್ತೆ. ಐದು ನಿಮಿಷ ಸಾಕು, ದೇವರು ಅಡ್ಜಸ್ಟ್ ಮಾಡ್ಕೋತಾನೆ."

ಎಸಿಗೆ, ಫ್ಯಾನಿಗೆ, ಡಿಹ್ಯುಮಿಡಿಫೈಯರಿಗೆ, ಕಡ್ಡಿ ಕತ್ತರಿಸುವ ಬ್ಲೇಡಿಗೆ ಕುಂಕುಮ, ಹೂವು. ಜನರೇಟರಿನ ಕೆಳಗೆ ನಿಂಬೆಹಣ್ಣು. ಚೆನ್ನಾಗಿ ಕಂಡಿತು. ನಮ್ಮ ಹಳೇ ವರ್ಕ್‌ಶಾಪ್ ನೆನಪಾಯಿತು. ಹಬ್ಬದ ಮಾಲೆ ತಾನಾಗಿ ಒಣಗುವವರೆಗೆ ತೆಗೆಯಬಾರದು. ಬಿಟ್ಟೆ.

ಅಕ್ಟೋಬರ್ 6

ಕರೆಂಟ್ ಹೋಯಿತು. ಜನರೇಟರಿಗೆ ಓಡಿ ಹೋಗಿ ಬರುವಷ್ಟರಲ್ಲಿ ಕೋಣೆ ಒಲೆ. ಗಿಡಕ್ಕೆ ಬೆಳಕು ಕೊಡುವ ದೊಡ್ಡ ದೀಪಗಳು ಆರಿದ್ದರೂ ಅವುಗಳ ಶಾಖ. ಗಿಡದ ಪಕ್ಕದಲ್ಲಿ ಯಾರಾದರೂ ಒಬ್ಬರು ಇರಲೇಬೇಕು — ಅದಕ್ಕೇ ನನಗೆ ಬೀಗ ಹಾಕಿಲ್ಲ. ಗೇಟಿನಲ್ಲೊಬ್ಬ ಕಾವಲುಗಾರ, ಅಷ್ಟೇ. ಯಶವಂತ ಬೀಗದ ಖರ್ಚು ಉಳಿಸಿದ್ದಾನೆ.

ಸಂಜೆ ಭಾನು ಫೋನ್. ಸ್ಮಾರ್ಟ್‌ಫೋನು ಯಶವಂತ ಇಟ್ಟುಕೊಂಡಿದ್ದಾನೆ, ಫೋಟೋ ಗೀಟೋ ಬೇಡವಂತೆ. ನನಗೆ ಕೊಟ್ಟಿರುವುದು ಕಬಾಂಬೆ. ಇಲ್ಲಿ ಬಟನ್ ಫೋನಿಗೆ ಹಾಗೆನ್ನುತ್ತಾರೆ. "ಊಟ ಆಯ್ತಾ?" "ಆಯ್ತು." "ಏನು?" "ಇಲ್ಲಿ ಏನಿರುತ್ತೆ ಭಾನು, ಮುದ್ದೆ ಥರದ ಉಗಾಲಿ, ಸುಕುಮ ಸೊಪ್ಪು." "ಮೂವತ್ತು ಮನೆಗೆ ಎಸಿ ಹಾಕ್ದೋರಿಗೆ ಒಂದು ಅನ್ನ ಮಾಡ್ಕೊಳ್ಳೋಕೆ ಬರಲ್ಲ." ಆಗ ಗುಡುಗಿತು. ನನ್ನ ಕಿಟಕಿಯಲ್ಲೂ ಅವಳ ಫೋನಿನಲ್ಲೂ ಒಟ್ಟಿಗೆ. ದೊಡ್ಡ ಮಳೆ ಅಂದೆ. ಹೂಂ ಅಂದಳು.

ಅಕ್ಟೋಬರ್ 10

ಡಿಹ್ಯುಮಿಡಿಫೈಯರಿನ ಪಕ್ಕದ ಗಿಡದ ಎಲೆ ಮೇಲೆ ಬಿಳಿ ಚುಕ್ಕೆ. ರವೆ ಉದುರಿಸಿದ ಹಾಗೆ. ಗೊಬ್ಬರ ಹೆಚ್ಚಾಯಿತೇನೋ ಅಂದುಕೊಂಡೆ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದೆ. ಧೂಳು ಬಿತ್ತು. ಧೂಳು ನಡೆಯತೊಡಗಿತು.

ಕೆಂಪು ನುಸಿ. ಗುಲಾಬಿ ತೋಟದವರು ಇದರ ಹೆಸರು ಹೇಳಿದರೆ ಟೋಪಿ ತೆಗೆಯುತ್ತಾರೆ.

ಎಲ್ಲಿಂದ ಬಂತು? ನನ್ನ ಕಾಲು ತೊಳೆದಿತ್ತು, ಯಶವಂತನ ಬಟ್ಟೆ ಬದಲಾಗಿತ್ತು. ಮೇಲೆ ನೋಡಿದೆ. ಮಾಲೆ ಇನ್ನೂ ತೂಗುತ್ತಿತ್ತು. ಇಳಿಸಿ ಕಾಗದದ ಮೇಲೆ ಕೊಡವಿದೆ.

ದೇವರ ಹೂವಿಗೆ ಯಾರು ಸ್ನಾನ ಮಾಡಿಸುತ್ತಾರೆ?

ಅಕ್ಟೋಬರ್ 11, ಶನಿವಾರ

ಯಶವಂತ ಬಂದ. ತೋರಿಸಿದೆ.

"ಯಾರಣ್ಣಾ ಹೂವು ಹಾಕ್ಸಿದ್ದು?"

"ನಾನು. ತಂದಿದ್ದು ಯಾರು?"

"ನೀವ್ ಹೇಳಿದ್ರಿ, ತಂದೆ."

"ನೀವ್ ತಂದ್ರಿ, ಹಾಕ್ದೆ. ಈಗ ಚಾಮುಂಡಿ ಮೇಲೆ ಕೇಸ್ ಹಾಕೋಣ್ವಾ?"

ನಗಲಿಲ್ಲ. ಬೇರು ಬಂದ ಟ್ರೇಗಳನ್ನು ನೋಡಿದ. ಬೇರು ಚೆನ್ನಾಗಿ ಬಂದಿವೆ, ಹಾಲಿನ ಬಣ್ಣ. ಅರ್ಧ ಟ್ರೇಗಳನ್ನು ಕಾರಿಗೆ ಏರಿಸಿಕೊಂಡ. ಪಾಸ್‌ಪೋರ್ಟ್ ಕೇಳಿದೆ.

"ಇಮಿಗ್ರೇಶನ್‌ನಲ್ಲಿದೆ ಅಣ್ಣಾ. ಇನ್ನೊಂದು ಬ್ಯಾಚ್ ಮಾಡಿ, ಅಷ್ಟರಲ್ಲಿ ಬಂದ್ಬಿಡುತ್ತೆ. ನಿಮ್ಮ ಕೈಗುಣ ಚೆನ್ನಾಗಿದೆ."

ಹೊಸ ಖಾಲಿ ಟ್ರೇಗಳನ್ನು ಇಳಿಸಿ ಹೋದ.

ಈಗ ಹೊಳೆಯಿತು ಈ ದಡ್ಡ ತಲೆಗೆ. ಬೀಜ ಬಿತ್ತಿದವನಿಗೆ ಸುಗ್ಗಿ ಅಂತ ಒಂದು ದಿನ ಇರುತ್ತದೆ. ಕಡ್ಡಿ ನೆಟ್ಟವನಿಗಿಲ್ಲ. ತಾಯಿಯಿಂದ ಕಡ್ಡಿ, ಕಡ್ಡಿ ಬೆಳೆದು ತಾಯಿ, ಅದರಿಂದ ಮತ್ತೆ ಕಡ್ಡಿ. ಮುಗಿಯುವ ವ್ಯವಹಾರ ಎಂದುಕೊಂಡು ಸಹಿ ಹಾಕಿದ್ದೆ.

ಅಕ್ಟೋಬರ್ 16

ಬೇವಿನೆಣ್ಣೆ, ಸೋಪು ನೀರು, ಒದ್ದೆ ಬಟ್ಟೆ. ಎಲೆ ಎಲೆಯ ಬೆನ್ನನ್ನೂ ಒರೆಸಿದೆ. ನುಸಿಗೆ ಒಣ ಹವೆ ಇಷ್ಟ. ತೇವ ಏರಿಸಿದರೆ ಸುಸ್ತಾಗುತ್ತದೆ. ಏರಿಸಿದೆ. ಬೂಷ್ಟು ಬಂತು. ಇಳಿಸಿದೆ. ನುಸಿ ಎದ್ದಿತು. ಒಂದಕ್ಕೆ ಬಾಗಿಲು ಹಾಕಿದರೆ ಇನ್ನೊಂದಕ್ಕೆ ತೆರೆದ ಹಾಗೆ. ನಡುವೆ ನಿಂತು ಗುಂಡಿ ತಿರುಗಿಸುವವನು ನಾನು.

ಭಾನು ಫೋನಿನಲ್ಲಿ ಖುಷಿಯಾಗಿದ್ದಳು. "ಸೋಮವಾರ ನರಕಚತುರ್ದಶಿ, ಇಲ್ಲೂ ಮಶುಜಾ ಡೇ ರಜೆ. ನಾವೇ ನೈವಾಷಾಕ್ಕೆ ಬರ್ತೀವಿ. ಎಣ್ಣೆ, ಸೀಗೆಪುಡಿ ಎಲ್ಲಾ ತರ್ತೀನಿ."

"ಬೇಡ. ಇಲ್ಲಿ ತುಂಬಾ ಕೆಲಸ."

"ನಿಮ್ಮ ತಲೆಗೆ ಎಣ್ಣೆ ಹಚ್ಚಿದ್ರೆ ನಿಮ್ಮ ಕೆಲಸಕ್ಕೇನು ಅಡ್ಡಿ?"

ಪ್ರಣತಿ ಫೋನ್ ಕಸಿದುಕೊಂಡಳು. "Appa, we already booked the car. Don't be boring."

ಸರಿ ಕಂದ ಅಂದೆ. ಬಾಯಿ ತಾನಾಗಿ ಅಂದಿತು.

ಅಕ್ಟೋಬರ್ 17

ಹೊಸ ಲೆಕ್ಕ. ತಾಯಿಗಿಡ ಸತ್ತರೆ ಕಡ್ಡಿ ಇಲ್ಲ. ಕಡ್ಡಿ ಇಲ್ಲದಿದ್ದರೆ ಹವೆ ಬೇಡ. ಹವೆ ಬೇಡವಾದರೆ ದ್ವಾರಕಾನಾಥ್ ಬೇಡ. ಕೆಲಸಕ್ಕೆ ಬಾರದವನ ಪಾಸ್‌ಪೋರ್ಟ್ ಇಟ್ಟುಕೊಂಡು ಯಾರಿಗೇನು ಲಾಭ?

ಮಾಡಬೇಕಾದ್ದೇನೂ ಇಲ್ಲ. ಮಾಡುತ್ತಿರುವುದನ್ನು ಬಿಡಬೇಕು, ಅಷ್ಟೇ. ಎಣ್ಣೆ ಬಟ್ಟೆ ಬಕೆಟ್ಟಿಗೆ ಹಾಕಿದೆ. ಕೋಣೆ ಬಿಸಿ ಮಾಡಿದೆ, ಒಣಗಿಸಿದೆ. ಇಷ್ಟು ವರ್ಷದಲ್ಲಿ ಒಂದು ಮೆಷಿನ್ನನ್ನೂ ಬೇಕೆಂದು ಕೆಡಿಸಿದವನಲ್ಲ.

ಅಕ್ಟೋಬರ್ 19, ಭಾನುವಾರ. ಮಧ್ಯಾಹ್ನ

ತಾಯಿಗಿಡಗಳ ತುದಿಗೆಲ್ಲ ನುಸಿ ನೇಯ್ದ ಬಲೆ. ಎಲೆ ತಾಮ್ರದ ಬಣ್ಣ. ಯಶವಂತನನ್ನು ಕರೆಸಿದೆ. ಮುಖ ಸಪ್ಪೆ ಮಾಡಿಕೊಂಡು ನಿಂತೆ. ಸಪ್ಪೆ ಮಾಡುವ ಕಷ್ಟವೂ ಇರಲಿಲ್ಲ.

"ಎಲ್ಲಾ ಹೋಯ್ತು ಯಶವಂತ್. ನನ್ನಿಂದಾಗ್ಲಿಲ್ಲ. ಬೇರೆ ಯಾರನ್ನಾದ್ರೂ ನೋಡಿ."

ಅವನು ಬಲೆಯನ್ನು ಬೆರಳಲ್ಲಿ ಮುಟ್ಟಿದ. ಬೈಯುತ್ತಾನೆ ಎಂದು ಕಾದೆ. ನನ್ನ ಭುಜದ ಮೇಲೆ ಕೈ ಇಟ್ಟ.

"ಹೋಗ್ಲಿ ಬಿಡಿ ಅಣ್ಣಾ, ಯಾಕೆ ಬೇಜಾರ್ ಮಾಡ್ಕೋತೀರಿ. ಮೊನ್ನೆ ಒಯ್ದ್ನಲ್ಲ, ನೀವೇ ಬೇರು ಬರಿಸಿದ್ವು? ಅವೂ ಇದೇ ಗಿಡ ತಾನೆ. ಒಂದಿಂಚೂ ವ್ಯತ್ಯಾಸ ಇಲ್ಲ. ಲಿಮೂರು ಕಡೆ ಇನ್ನೊಂದು ಮನೆ ನೋಡಿದೀನಿ, ಅಲ್ಲೇ ಇಟ್ಟಿದೀನಿ. ಇದಕ್ಕಿಂತ ದೊಡ್ಡ ರೂಮು. ನಾಳೆ ಸಂಜೆ ಶಿಫ್ಟ್ ಆಗೋಣ. ನಿಮಗೂ ಒಂದು ಚೇಂಜ್."

"ಪಾಸ್‌ಪೋರ್ಟ್?"

"ಅದೂ ಅಲ್ಲಿಗೇ ಬರುತ್ತೆ."

ಈ ಗಿಡವನ್ನು ಕೊಲ್ಲುವುದಕ್ಕೆ ಆಗುವುದಿಲ್ಲ. ಇಲ್ಲಿ ಸತ್ತದ್ದು ಅಲ್ಲಿ ಚಿಗುರುತ್ತಿದೆ. ಚಿಗುರಿಸಿದ ಕೈಯೂ ಇದೇ.

ಅಕ್ಟೋಬರ್ 20, ಸೋಮವಾರ. ಬೆಳಿಗ್ಗೆ 7

ಯಾವ ಬಕೆಟ್ಟೂ ಚೆಲ್ಲಲಿಲ್ಲ. ಭಾನುಗೆ ನಾನೇ ಫೋನ್ ಮಾಡಿದೆ.

"ಕಾರು ಬಂತಾ?"

"ಕೆಳಗಿದೆ. ಪ್ರಣತಿ ಇನ್ನೂ ತಲೆ ಬಾಚ್ತಿದಾಳೆ."

"ನೈವಾಷಾಕ್ಕೆ ಹೋಗ್ಬೇಡಿ. ನಾನು ಅಲ್ಲಿಲ್ಲ."

ಹೇಳಿದೆ. ಎಲ್ಲ ಹೇಳಿದೆ. ಬಂಗಿ ಎಂಬ ಮಾತನ್ನೂ ಹೇಳಿದೆ. ಪೊಲೀಸಿಗೆಂದು ಅಭ್ಯಾಸ ಮಾಡಿಟ್ಟದ್ದು ಒಂದಕ್ಷರವೂ ಉಪಯೋಗಕ್ಕೆ ಬರಲಿಲ್ಲ. ಅವಳು ಅಳುತ್ತಾಳೆ ಅಂದುಕೊಂಡೆ. ಅವಳು ಮೆಟ್ಟಿಲಿಳಿದು ಕಾರಿನ ಹತ್ತಿರ ಬಂದದ್ದು ಹಾರ್ನಿನಿಂದ ಗೊತ್ತಾಯಿತು.

"ಪಾಸ್‌ಪೋರ್ಟ್ ಇಲ್ದೆ ಏನ್ಮಾಡೋದು ಭಾನು?"

"ಹೈಕಮಿಷನ್ ಯಾಕಿದೆ? ನಾಳೆ ಹೋಗಿ ಬಾಯ್ಬಿಡೋಣ. ಜೈಲಾದ್ರೆ ಜೈಲು, ಅದಕ್ಕಾದ್ರೂ ವಿಳಾಸ ಇರುತ್ತೆ. ಮೊದ್ಲು ಮನೆ ನಂಬರ್ ಹೇಳಿ, ಡ್ರೈವರ್ ಕೇಳ್ತಿದಾನೆ."

ಗೊತ್ತಿಲ್ಲ. ಯಶವಂತನ ಕಾರಿನಲ್ಲಿ ಒಳಗೆ ಬಂದವನು ಮತ್ತೆ ಹೊರಗೆ ಕಾಲಿಟ್ಟಿಲ್ಲ. ರಸ್ತೆಯ ಹೆಸರೂ ಗೊತ್ತಿಲ್ಲ. ಐದು ನಿಮಿಷ ಕೊಡು ಅಂದೆ.

7.20

ಗೇಟಿನ ಕಾವಲುಗಾರನ ಬೆಂಚಿನ ಮೇಲೆ ಕೂತಿದ್ದೇನೆ. ಮನೆ ನಂಬರ್ ಎಷ್ಟಪ್ಪಾ ಅಂದೆ. ಹೊರಗಡೆ ಬರೆದಿದೆ ಮ್ಜೀ, ಒಳಗಿನಿಂದ ಕಾಣುವುದಿಲ್ಲ ಅಂದ. ಹಿರಿಯರನ್ನು ಇಲ್ಲಿ ಮ್ಜೀ ಅನ್ನುತ್ತಾರೆ. ನೋಡಿ ಬರುತ್ತೇನೆ ಅಂದೆ. ಅವನಿಗೂ ಕಷ್ಟವೇ. ಮ್ಜೀ ನಡೆದು ಹೊರಗೆ ಹೋಗಬಾರದು ಎಂದು ಬಾಸ್ ಹೇಳಿದ್ದಾರೆ, ಒಂದು ಮಾತು ಕೇಳಿಬಿಡುತ್ತೇನೆ, ಪೋಲೆ ಸಾನಾ, ಅಂದ. ಕೆಟ್ಟವನಲ್ಲ. ಕ್ಷಮೆ ಕೇಳಿಯೇ ಫೋನ್ ಒತ್ತಿದ.

ರಿಂಗ್ ಆಗುತ್ತಿದೆ. ಯಶವಂತ ಇನ್ನೂ ಎತ್ತಿಲ್ಲ. ರಜೆಯ ದಿನ, ಮಲಗಿರಬೇಕು. ಹಿಂದೆ ಕೋಣೆಯಲ್ಲಿ ತೇವದ ಅಲಾರಂ ಹೊಡೆದುಕೊಳ್ಳುತ್ತಿದೆ, ಕಾಲು ತಾನಾಗಿ ಆ ಕಡೆ ತಿರುಗಿತು, ಎಳೆದು ಕೂರಿಸಿದೆ. ಗೇಟಿನ ಚಿಕ್ಕ ಬಾಗಿಲಿಗೆ ಚಿಲಕ ಮಾತ್ರ. ಕಾವಲುಗಾರ ಬೆನ್ನು ತಿರುಗಿಸಿ ಎರಡನೇ ಸಲ ಒತ್ತುತ್ತಿದ್ದಾನೆ. ಈ ಪುಸ್ತಕ ಜೇಬಿಗೆ —