ಮೂವತ್ತೊಂದು ಸಹಿಯ ಅರ್ಜಿ

ಜೂನ್ 10, ಸೋಮವಾರ

ಹಾಜರಿ ಮೂವತ್ತಾರು, ಗೈರು ಇಬ್ಬರು. ಚಾಕ್‌ಪೀಸ್ ಇವತ್ತೂ ಬಂದಿಲ್ಲ. ಹೊಸ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ, ಅಂಟು ಇನ್ನೂ ಒಣಗಿರಲಿಲ್ಲ. ಹೆಡ್ ಮೇಡಂ ಬಂದರು. ಕೈಯಲ್ಲಿ ಶಿಕ್ಷಣ ಇಲಾಖೆ ಆಫೀಸಿನ ಸುತ್ತೋಲೆ, ಮುಖದ ತುಂಬ ನಗು. ಆ ನಗು ಕಂಡರೆ ನನಗೆ ಏನೋ ಗಂಟು ಬೀಳುತ್ತದೆ ಅಂತಲೇ ಲೆಕ್ಕ.

"ನಮ್ಮ ಶಾಲೇನ ಸೆಲೆಕ್ಟ್ ಮಾಡಿದಾರೆ ಕಣ್ರೀ. ಮೂರನೇ ಕ್ಲಾಸಿಗೆ ಈ ವರ್ಷದಿಂದ ಫ್ರೆಂಚ್!"

"ಯಾರು ಕಲಿಸ್ತಾರೆ?"

"ನೀವೇ."

"ನನಗೆ ಬರಲ್ವಲ್ಲ ಮೇಡಂ."

"ಅದಕ್ಕೇ ಎರಡು ದಿನ ಟ್ರೇನಿಂಗ್ ಕೊಡ್ತಾರಲ್ಲ!"

ಎರಡು ದಿನ. ನನಗೀಗ ನಲವತ್ತೊಂಬತ್ತು. ಮನೆಯಲ್ಲಿ ಹೇಳಿದರೆ ಅತ್ತೆ, "ನಮ್ಮ ಭಾಷೇಲಿ ನೀನು ಹೇಳೋದನ್ನೇ ಈ ಮನೇಲಿ ಯಾರೂ ಕೇಳಲ್ಲ. ಇನ್ನು ಅದರಲ್ಲಿ ಹೇಳಿದ್ರೆ ಕೇಳ್ತಾರೇನೇ?" ಅಂದರು. ಇವರು ಪೇಪರಿನ ಮರೆಯಲ್ಲಿ ನಕ್ಕರು. ಪೇಪರ್ ಅಲ್ಲಾಡಿತು, ಗೊತ್ತಾಗುವುದಿಲ್ಲವೇ.

ಅದಕ್ಕೆ ಪೀರಿಯಡ್ ಎಲ್ಲಿಂದ ಬರುತ್ತದೆ ಅಂತ ಕೇಳುವುದನ್ನೇ ಮರೆತೆ.

ಜೂನ್ 12, ಬುಧವಾರ

ಎಲ್ಲಿಂದ ಅಂದರೆ ನನ್ನ ಓದಿನ ಪೀರಿಯಡ್ಡಿನಿಂದ! ವಾರಕ್ಕೆ ನಾಲ್ಕಿತ್ತು. ನಾಲ್ಕೂ ಹೋಯಿತು. ಆಟದ ಪೀರಿಯಡ್ ಮುಟ್ಟುವಂತಿಲ್ಲ, ಡ್ರಿಲ್ ಮೇಷ್ಟ್ರು ಕೂಗಾಡುತ್ತಾರೆ. ಕೂಗಾಡದವಳು ನಾನೊಬ್ಬಳೇ ನೋಡಿ.

ಓದು ಬರುವವರಿಗಲ್ಲ ಆ ಪೀರಿಯಡ್. ತಡವರಿಸುವವರು ಏಳು ಮಂದಿ ಇದ್ದಾರೆ. ಆರು ಮಂದಿ ಹೇಗೋ ದಡ ಸೇರುತ್ತಾರೆ. ಉಳಿದವಳು ಪಿಸುಪಿಸು. ಇಸ್ತ್ರಿ ಅಂಗಡಿ ಅಜ್ಜಿಯ ಮೊಮ್ಮಗಳು. ಹಾಜರಿ ಕೂಗಿದರೂ ಪಿಸುಗುಡುತ್ತಾಳೆ, ಹಾಗಾಗಿ ಮಕ್ಕಳಿಟ್ಟ ಹೆಸರು. ಈಗ ನಾನೂ ಅದನ್ನೇ ಬರೆಯುತ್ತಿದ್ದೇನೆ, ನಾಚಿಕೆಯಾಗಬೇಕು. ಅಕ್ಷರವೆಲ್ಲ ಗೊತ್ತು. ಒತ್ತಕ್ಷರ ಬಂತೋ, ನಿಂತಳು. ನಿಂತಳೋ, ಆ ದಿನ ಮತ್ತೆ ಬಾಯಿ ಬಿಡುವುದಿಲ್ಲ.

ಮಾರ್ಚ್‌ನಲ್ಲಿ ಓದಿನ ಪರೀಕ್ಷೆ. ಒಂದು ಪುಟ ಗಟ್ಟಿಯಾಗಿ ಓದದಿದ್ದರೆ ಊರಾಚೆಯ ವಿಶೇಷ ಶಾಲೆಗೆ ಹಾಕುತ್ತಾರೆ. ಎರಡು ಬಸ್ಸು ಹತ್ತಿ ಹೋಗಬೇಕು. ದಿನಾ ಕರೆದುಕೊಂಡು ಹೋಗಲು ಅಜ್ಜಿಗೆ ಆಗುವುದಿಲ್ಲ. "ಅಲ್ಲಿಗೆ ಹಾಕಿದ್ರೆ ಬಿಡಿಸಿಬಿಡ್ತೀನಿ ತಾಯಿ, ಅಂಗಡೀಲಿ ಬಟ್ಟೆ ಮಡಚ್ಕೊಂಡಿರ್ಲಿ" ಅಂತ ಮುಖಕ್ಕೇ ಹೇಳಿದ್ದಾರೆ. ಓದಿಸುತ್ತೇನೆ ಅಂತ ಮಾತು ಕೊಟ್ಟವಳು ನಾನು. ಯಾವ ಪೀರಿಯಡ್ಡಿನಲ್ಲಿ ಓದಿಸಲಿ?

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

ಜೂನ್ 21, ಶುಕ್ರವಾರ

ಟ್ರೇನಿಂಗ್ ಮುಗಿಯಿತು. ಎಂಬತ್ತು ಟೀಚರುಗಳು, ಒಂದು ಹಾಲ್, ಮೂರು ಫ್ಯಾನ್. ಟ್ರೇನರ್ ಹುಡುಗಿಗೆ ಇಪ್ಪತ್ತೈದು ಇದ್ದರೆ ಹೆಚ್ಚು. ನಮ್ಮೆಲ್ಲರ ಮುಖಕ್ಕೆ ರಟ್ಟಿನ ಮುಖವಾಡ ಕಟ್ಟಿ ಕುಣಿಸಿದಳು. ನನಗೆ ಕರಡಿ. ನನ್ನ ಜೊತೆ ಕಳಿಸಿದ್ದ ಡ್ರಿಲ್ ಮೇಷ್ಟ್ರಿಗೆ ಮೊಲ, ಅದೊಂದೇ ಸಮಾಧಾನ.

ನಿಯಮ: ಮೊದಲ ಆರು ತಿಂಗಳು ಪುಸ್ತಕ ಇಲ್ಲ, ಬೋರ್ಡಿನ ಮೇಲೆ ಒಂದಕ್ಷರ ಬರೆಯುವಂತಿಲ್ಲ. ಬರೀ ಕೇಳುವುದು, ಹೇಳುವುದು, ಹಾಡುವುದು.

"ನನಗೇ ಮರೆತುಹೋದ್ರೆ?" ಅಂತ ಕೇಳಿದೆ.

"ಮರೀರಿ ಮೇಡಂ. ಮಕ್ಕಳ ಮುಂದೇನೇ ಮರೀರಿ. ಅವರ ಜೊತೆ ಕಲೀರಿ."

ಇಪ್ಪತ್ತಾರು ವರ್ಷದಿಂದ ಮಕ್ಕಳ ಮುಂದೆ ನಿಂತವಳು ನಾನು. ನನಗೆ ಹೇಳುತ್ತಾಳೆ, ಮರೀರಿ ಅಂತ.

ಜುಲೈ 1, ಸೋಮವಾರ

ಮೊದಲ ಕ್ಲಾಸ್. ಆಫೀಸಿನಿಂದ ಬಂದ ಪೆಟ್ಟಿಗೆಯಲ್ಲಿ ಸ್ಪೀಕರ್ ಇದೆ, ಅದರ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಹಿಡಿಸುವುದಿಲ್ಲ. ಪೆನ್‌ಡ್ರೈವ್ ಇದೆ, ಹಾಕಲು ಕಂಪ್ಯೂಟರ್ ಇಲ್ಲ. ಫೋನ್ ಎತ್ತಿ ಹಿಡಿದುಕೊಂಡು ಹಾಡು ಕೇಳಿಸಿದೆ. ಹಿಂದಿನ ಬೆಂಚಿನವರಿಗೆ ಕೇಳಲಿಲ್ಲ. ಮಧ್ಯದಲ್ಲಿ ಇವರ ಕಾಲ್ ಬಂತು, ಗ್ಯಾಸ್ ಬುಕ್ ಮಾಡಿದೆಯಾ ಅಂತ. ಮಕ್ಕಳಿಗೆ ಬಹಳ ಇಷ್ಟವಾದದ್ದು ಅದೇ.

ಜುಲೈ 4, ಗುರುವಾರ

ಫ್ರೆಂಚ್ ರದ್ದು ಮಾಡಿ ಅಂತ ಅರ್ಜಿ ಬರೆದೇಬಿಟ್ಟೆ. ಒಬ್ಬಳ ಹೆಸರಲ್ಲಿ ಹೋದರೆ ಕಸದ ಬುಟ್ಟಿಗೆ. ಅದಕ್ಕೆ ಟ್ರೇನಿಂಗಿನಲ್ಲಿ ಗೊಣಗುತ್ತಿದ್ದವರನ್ನೆಲ್ಲ ಹಿಡಿದೆ. ಒಂಬತ್ತು ಶಾಲೆ, ಮೂವತ್ತೊಂದು ಸಹಿ. ಬರೆದದ್ದರಲ್ಲಿ ಒಂದು ಸಾಲಂತೂ ಜೋರಾಗಿ ಬಂದಿದೆ: "ತನ್ನ ಭಾಷೆಯಲ್ಲೇ ಒಂದು ಸಾಲು ಓದಲಾರದ ಮಗು ನನ್ನ ತರಗತಿಯಲ್ಲಿದೆ, ಅದರ ಬಾಯಿಗೆ ಪರದೇಶದ ಮಾತು ತುರುಕುವುದು ಯಾರ ಉದ್ಧಾರಕ್ಕೆ?" ಎರಡು ಸಲ ಓದಿಕೊಂಡೆ. ಖುಷಿಯಾಯಿತು.

ಎಲ್ಲವೂ ಹೆಡ್ ಮೇಡಂ ಮೂಲಕವೇ ಹೋಗಬೇಕು. ಅವರು ಒಂದೊಂದೇ ಅರ್ಜಿ ಕಳಿಸುವವರಲ್ಲ. ಡ್ರಾಯರಿನಲ್ಲಿ ಕೂಡಿಟ್ಟು, ಆಫೀಸಿಗೆ ಹೋಗುವ ಕೆಲಸ ಬಿದ್ದಾಗ ಒಟ್ಟಿಗೆ ಕೊಟ್ಟು ಬರುತ್ತಾರೆ. ದಿನಾ ನೆನಪಿಸಬೇಕು.

ಜುಲೈ 23, ಮಂಗಳವಾರ

ಇವತ್ತು ಮಾನ ಹೋಯಿತು. ಎಣಿಕೆ ಹೇಳಿಕೊಡುತ್ತಿದ್ದೆ. ಆಂ, ದ, ತ್ರುವಾ... ಏಳರ ತನಕ ಸರಾಗ. ಎಂಟು ಬರಲಿಲ್ಲ. ಬೋರ್ಡ್ ನೋಡಿದೆ, ಖಾಲಿ. ಬರೆಯುವಂತಿಲ್ಲವಲ್ಲ! ಮೂವತ್ತೇಳು ಜೊತೆ ಕಣ್ಣು ನನ್ನ ಮೇಲೆ.

"ಉಯಿತ್."

ಹಿಂದಿನಿಂದ. ಸ್ಪಷ್ಟವಾಗಿ. ಯಾರದೆಂದು ಗೊತ್ತಾಗಲಿಲ್ಲ, ಯಾಕೆಂದರೆ ಆ ದನಿಯನ್ನು ನಾನು ಯಾವತ್ತೂ ಕೇಳಿಯೇ ಇರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಪಿಸುಪಿಸು ಎದ್ದು ನಿಂತಿದ್ದಳು. "ಉಯಿತ್, ನಫ್, ದಿಸ್" ಅಂತ ಹತ್ತರವರೆಗೂ ಹೇಳಿ ಕೂತಳು.

ಒಂದೇ ಸಲದ್ದು ಇರಬೇಕು. ಹೆಡ್ ಮೇಡಂಗೆ ಅರ್ಜಿ ನೆನಪಿಸಿದೆ. "ಕಳಿಸ್ತೀನಿ ಮಾರಾಯ್ತಿ, ಒಳ್ಳೆ ಸಾಲಗಾರನ ಥರ ಬೆನ್ನು ಬಿದ್ದಿದೀರಲ್ಲ" ಅಂದರು.

ಆಗಸ್ಟ್ 8, ಗುರುವಾರ

ಒಂದೇ ಸಲದ್ದಲ್ಲ. ಎರಡು ವಾರದಿಂದ ನೋಡುತ್ತಿದ್ದೇನೆ. ಹಾಡು ಒಂದು ಸಲ ಕೇಳಿದರೆ ಸಾಕು ಅವಳಿಗೆ. ಅಕ್ಕಪಕ್ಕದವರು ಮೆಲ್ಲಗೆ ಅವಳನ್ನೇ ಕೇಳುತ್ತಾರೆ. ಕ್ಲಾಸಿನ ಮೊದಲ ರ‍್ಯಾಂಕಿನವನು ಕೂಡ! ಅವನ ಮುಖ ನೋಡಬೇಕಿತ್ತು.

ಊಟದ ಬಿಡುವಿನಲ್ಲಿ ಕರೆದು ಕೇಳಿದೆ. "ಅಲ್ವೇ, ನಮ್ಮ ಪುಸ್ತಕ ಓದು ಅಂದ್ರೆ ಬಾಯಿಗೆ ಬೀಗ. ಇದನ್ನ ಹೇಗೆ ಇಷ್ಟು ಚೆನ್ನಾಗಿ ಹೇಳ್ತೀಯ?"

ನೆಲ ನೋಡಿದಳು. ಆಮೇಲೆ ಅಂದಳು, "ಇದು ಯಾರಿಗೂ ಬರಲ್ವಲ್ಲ ಮಿಸ್. ನಿಮಗೂ."

ಕೆನ್ನೆಗೆ ಹೊಡೆದ ಹಾಗಾಯಿತು. ನಗುವೂ ಬಂತು. ಮೂರು ವರ್ಷದಿಂದ ಎಲ್ಲರಿಗೂ ಬರುವ ಕಡೆ ಇವಳೊಬ್ಬಳಿಗೇ ಬಾರದೆ ಕೂತಿದ್ದಳು. ನನಗೆ ಹೊಳೆಯಲೇ ಇಲ್ಲ. ಇಪ್ಪತ್ತಾರು ವರ್ಷದ ಸರ್ವೀಸು, ಮಣ್ಣು.

ಒಪ್ಪಂದ ಮಾಡಿಕೊಂಡೆವು. ಬಿಡುವಿನಲ್ಲಿ ಅವಳು ನನಗೆ ನಾಳಿನ ಫ್ರೆಂಚ್ ಹೇಳಿಕೊಡಬೇಕು, ಮನೆಯಲ್ಲಿ ಕೇಳಲಿ ಅಂತ ಅಜ್ಜಿಯ ಫೋನಿಗೆ ಹಾಡು ಕಳಿಸಿದ್ದೇನೆ. ಆಮೇಲೆ ಅವಳು ನಮ್ಮ ಪುಸ್ತಕದಿಂದ ಎರಡು ಸಾಲು ಓದಬೇಕು. ನಾನು ತಪ್ಪಿದಾಗ ಅವಳು ನಗಬಹುದು. ಅವಳು ತಪ್ಪಿದಾಗ ನಾನು ನಗಬಹುದು.

ಬೇಕಾದಷ್ಟು ನಕ್ಕಳು.

ಆಗಸ್ಟ್ 30, ಶುಕ್ರವಾರ

ಅರ್ಧ ಪುಟ! ವರಾಂಡದಲ್ಲಿ, ಗಟ್ಟಿಯಾಗಿ. ಒತ್ತಕ್ಷರ ಬಂದಾಗ ತಡವರಿಸಿದಳು, ತಪ್ಪು ಓದಿದಳು, "ಅಯ್ಯೋ" ಅಂದಳು, ಮುಂದೆ ಹೋದಳು. ಮುಂದೆ ಹೋದಳು ಅನ್ನುವುದೇ ದೊಡ್ಡದು. ಹೀಗೇ ನಡೆದರೆ ಮಾರ್ಚ್ ಹೊತ್ತಿಗೆ ಪುಟವೇನು, ಪಾಠವೇ ಓದುತ್ತಾಳೆ.

ಆಗ ಅರ್ಜಿ ನೆನಪಾಯಿತು. ಹೆಡ್ ಮೇಡಂ ರೂಮಿಗೆ ಓಡಿದೆ. ಡ್ರಾಯರ್ ಖಾಲಿ.

"ನಿನ್ನೆ ತಾನೇ ಕೊಟ್ಟುಬಂದೆ ಕಣ್ರೀ. ಸಾಹೇಬ್ರ ಕೈಗೇ ಕೊಟ್ಟೆ. ದಿನಾ ಪೀಡಿಸ್ತಿದ್ರಲ್ಲ!"

ಎರಡು ತಿಂಗಳು ಆ ಡ್ರಾಯರಿನಲ್ಲಿ ಕೊಳೆತದ್ದು ಇನ್ನೊಂದು ದಿನ ಕೊಳೆಯಬಾರದಿತ್ತೇ.

ಸೆಪ್ಟೆಂಬರ್ 3, ಮಂಗಳವಾರ

ಅರ್ಧ ದಿನ ರಜೆ ಹಾಕಿ ಆಫೀಸಿಗೆ ಹೋದೆ. ಗುಮಾಸ್ತ ಟೀ ಕುಡಿದು, ಬಾಯಿ ಒರೆಸಿ, ಫೈಲ್ ತೆಗೆದ.

"ವಾಪಸ್ ತಗೋಬೇಕು ಅಂದ್ರೆ ಮೂವತ್ತೊಂದು ಜನಾನೂ ಸೈನ್ ಹಾಕಿ ಕೊಡ್ಬೇಕು ಮೇಡಂ."

"ಬರೆದಿದ್ದು ನಾನು ಕಣಪ್ಪಾ. ನಾನೊಬ್ಬಳೇ."

"ಬರೆದೋರು ಯಾರು ಅಂತ ಇದರಲ್ಲಿ ಎಲ್ಲಿದೆ? ನಮಗೆ ಕಾಣೋದು ಮೂವತ್ತೊಂದು ಸೈನು."

"ಒಂದು ಸಾಲು ಷರಾ ಬರೀತೀನಿ, ನನ್ನ ಅಭಿಪ್ರಾಯ ಬದಲಾಗಿದೆ ಅಂತ."

"ಅಭಿಪ್ರಾಯ ಬದಲಾಗೋಕೆ ಫಾರಂ ಇಲ್ಲ ಮೇಡಂ."

ಅವನದೇನೂ ತಪ್ಪಿಲ್ಲ. ಅದೇ ಹೆಚ್ಚು ಸಿಟ್ಟು ತರಿಸಿತು. ಬೇಲಿ ಮೇಲೆ ಹೋಗುತ್ತಿದ್ದ ಓತಿಕ್ಯಾತನನ್ನು ಮೈಮೇಲೆ ಬಿಟ್ಟುಕೊಂಡವಳು ನಾನೇ.

ಸೆಪ್ಟೆಂಬರ್ 11, ಬುಧವಾರ

ಎಂಟು ದಿನದಿಂದ ಶಾಲೆ ಬಿಟ್ಟ ಮೇಲೆ ಸ್ಕೂಟರಿನಲ್ಲಿ ಶಾಲೆ ಶಾಲೆ ಸುತ್ತುತ್ತಿದ್ದೇನೆ. ಇಪ್ಪತ್ತೆರಡು ಸಹಿ ಆಯಿತು. ಒಬ್ಬರು ಓದದೆಯೇ ಹಾಕಿದರು. "ಆವಾಗ್ಲೂ ಓದ್ಲಿಲ್ಲ, ಈವಾಗ್ಲೂ ಓದಲ್ಲ. ಎಲ್ಲಿ ಹಾಕ್ಬೇಕು ಹೇಳಿ." ಒಬ್ಬಳು ಹೆರಿಗೆ ರಜೆಯಲ್ಲಿ ತವರಿಗೆ ಹೋಗಿದ್ದಾಳೆ. ಒಬ್ಬರು ರಿಟೈರ್ ಆಗಿ ಮಗನ ಮನೆ ಸೇರಿದ್ದಾರೆ, ಫೋನ್ ಎತ್ತುವುದಿಲ್ಲ. ನಮ್ಮ ಡ್ರಿಲ್ ಮೇಷ್ಟ್ರು ಖಡಾಖಂಡಿತವಾಗಿ ಆಗಲ್ಲ ಅಂದರು.

"ಜುಲೈನಲ್ಲಿ ನನ್ನ ಕೈ ಹಿಡಿದು ಸೈನ್ ಹಾಕಿಸ್ಕೊಂಡ್ರಿ. ಈಗ ಬಂದು ಅಳಿಸಿ ಅಂತೀರಿ. ನಮ್ಮನ್ನೇನು ರಬ್ಬರ್ ಸ್ಟಾಂಪ್ ಅನ್ಕೊಂಡ್ರಾ?"

ಹುಡುಗಿಯ ವಿಷಯ ಹೇಳಿದೆ. ಕೇಳಿಸಿಕೊಂಡರು. "ಒಂದು ಮಗೂಗೆ ಆದ್ರೆ ಸಾಕಾ? ಇನ್ನು ಮೂವತ್ತೇಳು?" ಅಂದರು. ಅರ್ಜಿಯಲ್ಲಿ ನಾನು ಅದೇ ಒಂದು ಮಗುವನ್ನು ಮುಂದಿಟ್ಟಿದ್ದೆ, ಆಗ ಯಾರೂ ಹೀಗೆ ಕೇಳಿರಲಿಲ್ಲ.

ಇನ್ನು ಒಂಬತ್ತು.

ಸೆಪ್ಟೆಂಬರ್ 20, ಶುಕ್ರವಾರ

ಆದೇಶ ಬಂತು. ಆಫೀಸಿನಿಂದ ಇಷ್ಟು ಬೇಗ ಬಂದ ಕಾಗದ ನನ್ನ ಸರ್ವೀಸಿನಲ್ಲೇ ಇದೊಂದು. ಕಾರ್ಯಕ್ರಮ ಎಲ್ಲ ಶಾಲೆಗಳಲ್ಲೂ ರದ್ದು. ಪೆಟ್ಟಿಗೆ ವಾಪಸ್ ಕಳಿಸಬೇಕು. ಓದಿನ ಪೀರಿಯಡ್ ಸೋಮವಾರದಿಂದ ಮೊದಲಿನಂತೆ. ಕಾರಣ ಅಂತ ನನ್ನ ಸಾಲನ್ನೇ ಹಾಕಿದ್ದಾರೆ, ಒಂದು ಚುಕ್ಕೆಯೂ ಬಿಡದೆ. ತನ್ನ ಭಾಷೆಯಲ್ಲೇ ಒಂದು ಸಾಲು ಓದಲಾರದ ಮಗು...

ಸಾಹೇಬರೇ ಫೋನ್ ಮಾಡಿದರು. "ಬರೆದಿದ್ದು ನೀವೇ ಅಂತ ನಿಮ್ಮ ಹೆಡ್ ಮೇಡಂ ಹೇಳಿದ್ರು. ನಿಮ್ಮಂಥ ಟೀಚರ್ಸ್ ಬೇಕು ನೋಡಿ. ನೇರವಾಗಿ ಬರೆದಿದೀರಿ." ಆ ಮಗು ಈಗ ಅರ್ಧ ಪುಟ ಓದುತ್ತೆ ಸಾರ್ ಅಂದೆ. "ವೆರಿ ಗುಡ್, ಇನ್ನು ಪೂರ್ತಿ ಓದಿಸಿ, ಪೀರಿಯಡ್ ಸಿಕ್ತಲ್ಲ" ಅಂದು ಇಟ್ಟರು.

ಟ್ರೇನರ್ ಹುಡುಗಿಯೂ ಫೋನ್ ಮಾಡಿದ್ದಳು. ಬೈಯುತ್ತಾಳೆ ಅಂದುಕೊಂಡೆ. "ನೀವು ಆಗಸ್ಟ್‌ನಲ್ಲಿ ಕಳಿಸಿದ್ರಲ್ಲ, ನಿಮ್ಮ ಹುಡುಗಿ ಹಾಡಿದ್ದ ವಿಡಿಯೋ, ಅದನ್ನ ಇಟ್ಕೊಳ್ಳಲಾ ಮೇಡಂ?" ಅಂತ ಮಾತ್ರ ಕೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಡುಗೆಮನೆಯಲ್ಲಿ ಅತ್ತೆ ಕೇಳಿದರು, "ನೀನು ಕೇಳಿದ್ದೇ ಸಿಕ್ತಲ್ಲೇ, ಅಳೋದ್ಯಾಕೆ?" ಈರುಳ್ಳಿ ಅಂದೆ. ಹೆಚ್ಚುತ್ತಿದ್ದದ್ದು ಬೀನ್ಸು. ಅವರು ಚಾಕು ಇಸಿದುಕೊಂಡು ತಾವೇ ಹೆಚ್ಚಿದರು.

ಸೆಪ್ಟೆಂಬರ್ 23, ಸೋಮವಾರ, ಊಟದ ಬಿಡುವು

ಮೂರನೇ ಪೀರಿಯಡ್ಡಿನಲ್ಲಿ ಹೇಳಿದೆ. ಇನ್ನು ಫ್ರೆಂಚ್ ಇಲ್ಲ, ಪುಸ್ತಕ ತೆಗೀರಿ. ಗಲಾಟೆ ಮಾಡಿದರು. ಕೆಲವರು ಚಪ್ಪಾಳೆ ತಟ್ಟಿದರು, ಮಕ್ಕಳಲ್ಲವೇ, ಏನು ಇಲ್ಲ ಅಂದರೂ ಖುಷಿ. ಆಮೇಲೆ ಅವಳು ಎದ್ದು ನಿಂತಳು.

"ಮಿಸ್, ಬೇಡ ಅಂದಿದ್ದು ಯಾರು?"

ಪಕ್ಕದ ಕ್ಲಾಸಿಗೂ ಕೇಳುವಷ್ಟು ಗಟ್ಟಿಯಾಗಿ. ಆಫೀಸಿನವರು ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು, ನಾಲಗೆ ತುದಿಯವರೆಗೂ ಬಂದಿತ್ತು. ಹತ್ತನೇ ಪಾಠ ತೆಗೀರಿ ಅಂದೆ. ಪಾಳಿಯ ಪ್ರಕಾರ ಓದಿಸಿದೆ. ಅವಳ ಸರದಿ ಬಂತು. ಪುಸ್ತಕ ಹಿಡಿದು ನಿಂತಳು. ಬಾಯಿ ಬಿಡಲಿಲ್ಲ. ತಡವರಿಸಲೂ ಇಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಕೂತ್ಕೋ ಅಂದೆ.

ಈಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಾಳೆ. ದಿನಾ ಬರುವ ಹೊತ್ತಿಗೇ ಬಂದಿದ್ದಾಳೆ, ಆದರೆ ಕೈಯಲ್ಲಿ ಪುಸ್ತಕ ಇಲ್ಲ. ಬಾ ಅಂದೆ, ಬರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಾಳೆ. ಹೇಳಿದರೆ ಇನ್ನು ಓದುತ್ತಾಳೋ ಇಲ್ಲವೋ ಗೊತ್ತಿಲ್ಲ. ಹೇಳದಿದ್ದರೆ ಅವಳ ಮುಖ ನೋಡಿ ಪಾಠ ಮಾಡಲು ನನಗಾಗುವುದಿಲ್ಲ. ಪೆನ್ನು ಕೆಳಗಿಟ್ಟು ಎದ್ದು ಹೋಗಬೇಕು. ಹೋಗಿ, ಎದುರಿಗೆ ಕೂತು, ಅವಳಂತೆಯೇ ಗಟ್ಟಿಯಾಗಿ ಹೇಳಬೇಕು, ಬೇಡ ಅಂದವಳು